ವಿಎಂಗಳಿಗೆ ಸ್ವಂತ ಐಪಿ ಕೊಡಬೇಕು, ಬ್ರಿಡ್ಜ್ ಹಾಕೋಕೆ ಹೋದ್ರೆ ಆಗ್ತಿಲ್ಲ

ತಂತಿಮನೆ
ಒಂದು ಉಬುಂಟು ಸರ್ವರ್ (ಇದೇ ಹೋಸ್ಟ್), ಅದರಲ್ಲಿ ಕೆವಿಎಂ ಅನ್ನೋ ವರ್ಚುವಲೈಸೇಶನ್ ವ್ಯವಸ್ಥೆ, ಅದರ ಮೇಲೆ ಐದು ವಿಎಂ (ವರ್ಚುವಲ್ ಮಷೀನ್). ಐದಕ್ಕೂ ಈಗ 192.168.122 ಸಾಲಿನ ವಿಳಾಸ ಇದೆ. ಹೋಸ್ಟ್‌ನಿಂದ ಎಲ್ಲಕ್ಕೂ ಪಿಂಗ್ ಹೋಗುತ್ತೆ, ವಿಎಂ ಒಳಗಿಂದ ಇಂಟರ್ನೆಟ್ ಬರುತ್ತೆ. ಆದ್ರೆ ಅದೇ ರೂಟರ್‌ಗೆ ಸೇರಿರೋ ಬೇರೆ ಕಂಪ್ಯೂಟರ್‌ಗಳಿಂದ (ಅವು 192.168.1 ಸಾಲು) ಒಂದು ವಿಎಂ ಕೂಡ ಸಿಗಲ್ಲ. ನನಗೆ ಬೇಕಿರೋದು ಇಷ್ಟು: ಐದೂ ವಿಎಂ 192.168.1 ಸಾಲಿನಲ್ಲೇ ಇರಬೇಕು, ರೂಟರ್ ಪಟ್ಟಿಯಲ್ಲಿ ಐದು ಬೇರೆ ಬೇರೆ ಯಂತ್ರಗಳ ಹಾಗೆ ಕಾಣಬೇಕು. ಬಿಆರ್0 ಅಂತ ಬ್ರಿಡ್ಜ್ (ಹೋಸ್ಟ್ ಒಳಗಿನ ಸಾಫ್ಟ್‌ವೇರ್ ಸ್ವಿಚ್ಚು) ಮಾಡಿ ವೈಫೈ ಕಾರ್ಡನ್ನ ಅದಕ್ಕೆ ಸೇರಿಸೋಕೆ ಹೋದ್ರೆ "ಆಪರೇಷನ್ ನಾಟ್ ಸಪೋರ್ಟೆಡ್" ಅನ್ನುತ್ತೆ. ಎಲ್ಲಿ ತಪ್ಪು?

ನೂಲೇಣಿ
ವೈಫೈ ಬಿಡಿ, ಕೇಬಲ್ ಹಾಕಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಕೊಂಡಿ
ಯಾಕೆ ಅಂತಾನೂ ಹೇಳಿಬಿಡೋಣ, ಇಲ್ಲದಿದ್ರೆ ನಾಳೆ ಇನ್ನೊಬ್ಬರು ಇದೇ ಕೇಳ್ತಾರೆ.

ಈಗ ನಿಮ್ಮ ವಿಎಂಗಳು ಇರೋದು ಲಿಬ್‌ವರ್ಟ್‌ನ (ವಿಎಂಗಳನ್ನ ನಿರ್ವಹಿಸೋ ಸಾಫ್ಟ್‌ವೇರ್) "ಡೀಫಾಲ್ಟ್" ನೆಟ್‌ವರ್ಕ್‌ನಲ್ಲಿ. ಅದು ನ್ಯಾಟ್. ವಿಎಂನಿಂದ ಹೊರಟ ಪ್ಯಾಕೆಟ್ ಮೇಲೆ ಹೋಸ್ಟ್ ತನ್ನ ವಿಳಾಸ ಅಂಟಿಸಿ ಕಳಿಸುತ್ತೆ, ಉತ್ತರ ಬಂದ್ರೆ ಬಿಚ್ಚಿ ಒಳಗೆ ಕೊಡುತ್ತೆ. ಹೊರಗಿನವರಿಗೆ ಒಳಗೆ ಐದು ಯಂತ್ರ ಇವೆ ಅನ್ನೋದೇ ಗೊತ್ತಿಲ್ಲ. 192.168.122.1 ಅನ್ನೋದು ಹೋಸ್ಟ್‌ನಲ್ಲಿರೋ ವಿರ್‌ಬಿಆರ್0 ಬ್ರಿಡ್ಜ್‌ನ ವಿಳಾಸ.

ನಿಮಗೆ ಬೇಕಿರೋ ರೀತಿಯಲ್ಲಿ ಪ್ರತಿ ವಿಎಂ ತನ್ನ ಸ್ವಂತ ಮ್ಯಾಕ್ ವಿಳಾಸದಿಂದಲೇ (ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ) ನೆಟ್‌ವರ್ಕ್‌ನಲ್ಲಿ ಮಾತಾಡಬೇಕು. ವೈಫೈ ಅದಕ್ಕೆ ಒಪ್ಪಲ್ಲ. ನಿಮ್ಮ ಕಾರ್ಡ್‌ನಿಂದ ಆಕ್ಸೆಸ್ ಪಾಯಿಂಟ್‌ಗೆ (ವೈಫೈ ಕೊಡೋ ಪೆಟ್ಟಿಗೆ) ಹೋಗೋ ಫ್ರೇಮ್‌ನಲ್ಲಿ (ಪ್ಯಾಕೆಟ್ ಹೊತ್ತ ಲಕೋಟೆ) ಮೂರು ವಿಳಾಸಕ್ಕೆ ಮಾತ್ರ ಜಾಗ: ಕಳಿಸಿದವರು, ಆಕ್ಸೆಸ್ ಪಾಯಿಂಟ್, ಕೊನೆಗೆ ತಲುಪಬೇಕಾದವರು. "ಇದನ್ನ ರೇಡಿಯೋದಲ್ಲಿ ಕಳಿಸಿದ್ದು ನಾನು, ಆದ್ರೆ ಬರೆದಿದ್ದು ನನ್ನ ಹಿಂದಿರೋ ವಿಎಂ" ಅನ್ನೋಕೆ ನಾಲ್ಕನೇ ವಿಳಾಸ ಬೇಕು. ಪಾಸ್‌ವರ್ಡ್ ಕೊಟ್ಟು ಸೇರಿದ ಮ್ಯಾಕ್ ಬಿಟ್ಟು ಬೇರೆ ಮ್ಯಾಕ್‌ನಿಂದ ಬಂದಿದ್ದನ್ನ ಆಕ್ಸೆಸ್ ಪಾಯಿಂಟ್ ಎಸೆಯುತ್ತೆ. ಅದಕ್ಕೇ ಕರ್ನಲ್ ಮೊದಲೇ ಬೇಡ ಅನ್ನೋದು. ನಾಲ್ಕು ವಿಳಾಸದ ಮೋಡ್ ಅಂತ ಒಂದಿದೆ, ಆದ್ರೆ ಕಾರ್ಡ್ ಮತ್ತು ಆಕ್ಸೆಸ್ ಪಾಯಿಂಟ್ ಎರಡೂ ಅದನ್ನ ಬೆಂಬಲಿಸಬೇಕು.

ಮಿಂಚುಳ
ಇದು ಪೂರ್ತಿ ಸರಿ ಅಲ್ಲ. ವರ್ಚುವಲ್‌ಬಾಕ್ಸ್‌ನಲ್ಲಿ (ವಿಎಂ ನಡೆಸೋ ಇನ್ನೊಂದು ಸಾಫ್ಟ್‌ವೇರ್) ವೈಫೈ ಕಾರ್ಡನ್ನ ಆಯ್ದು "ಬ್ರಿಡ್ಜ್ಡ್ ಅಡಾಪ್ಟರ್" ಹಾಕಿದ್ರೆ ಚೆನ್ನಾಗಿ ನಡೆಯುತ್ತೆ, ವಿಎಂಗೆ ರೂಟರ್‌ನಿಂದಲೇ ಐಪಿ ಸಿಗುತ್ತೆ.

ಕೊಂಡಿ
@ಮಿಂಚುಳ ನಡೆಯುತ್ತೆ, ಒಪ್ಪಿದೆ. ಆದ್ರೆ ಅದು ನಿಜವಾದ ಬ್ರಿಡ್ಜ್ ಅಲ್ಲ. ಹೊರಗೆ ಹೋಗುವಾಗ ವಿಎಂನ ಮ್ಯಾಕ್ ತೆಗೆದು ಹೋಸ್ಟ್ ಕಾರ್ಡ್‌ನ ಮ್ಯಾಕ್ ಹಾಕುತ್ತೆ, ಒಳಗೆ ಬರುವಾಗ ಐಪಿ ನೋಡಿ ಯಾವ ವಿಎಂಗೆ ಅಂತ ತೀರ್ಮಾನಿಸುತ್ತೆ. ಬೇರೆ ಕಂಪ್ಯೂಟರ್‌ನಲ್ಲಿ ಎಆರ್‌ಪಿ ಪಟ್ಟಿ (ಯಾವ ಐಪಿಗೆ ಯಾವ ಮ್ಯಾಕ್ ಅನ್ನೋ ಪಟ್ಟಿ) ತೆಗೆದು ನೋಡಿ: ಹೋಸ್ಟ್‌ನ ಐಪಿ, ವಿಎಂ ಐಪಿ ಎರಡರ ಎದುರೂ ಒಂದೇ ಮ್ಯಾಕ್ ಇರುತ್ತೆ. ಐಪಿ ಮಾತ್ರ ಬೇರೆ ಬೇಕು ಅಂದ್ರೆ ಅದೂ ಸಾಕು. ಬೇರೆ ಯಂತ್ರವಾಗೇ ಕಾಣಬೇಕು, ಮ್ಯಾಕ್ ನೋಡಿ ಸೋಸೋ ಸ್ವಿಚ್ಚು ಫೈರ್‌ವಾಲ್‌ಗಳಲ್ಲಿ ವಿಎಂಗೇ ಪ್ರತ್ಯೇಕ ನಿಯಮ ಬರೀಬೇಕು ಅಂದ್ರೆ ಕೆಲಸಕ್ಕೆ ಬಾರದು.

ಮಿಂಚುಳ
ಸರಿ, ಎಆರ್‌ಪಿ ಪಟ್ಟಿ ನೋಡಿದೆ. ಒಂದೇ ಮ್ಯಾಕ್ ಇದೆ. ಒಪ್ಕೊಂಡೆ.

ಬೆಳ್ಳಿಚುಕ್ಕಿ
ಕೇಬಲ್ ಹಾಕಿದ ಮೇಲೆ ಹೀಗೆ ಮಾಡಿ. ಎಲ್ಲರೂ ಎಡವೋದು ಒಂದೇ ಕಡೆ: ಬ್ರಿಡ್ಜ್ ಆದ ಮೇಲೆ ಹೋಸ್ಟ್‌ನ ಐಪಿ ಇರಬೇಕಾದ್ದು ಬಿಆರ್0 ಮೇಲೆ, ಕಾರ್ಡ್ ಮೇಲೆ ಅಲ್ಲ. ಕಾರ್ಡ್ ಈಗ ಸ್ವಿಚ್ಚಿನ ಒಂದು ಪೋರ್ಟ್ ಇದ್ದ ಹಾಗೆ. ಅದಕ್ಕೆ ಸ್ವಂತ ವಿಳಾಸ ಬೇಡ.

ನೆಟ್‌ಪ್ಲಾನ್ ಫೈಲ್‌ನಲ್ಲಿ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಬರೆಯೋ ಫೈಲ್) ಈಥರ್ನೆಟ್ಸ್ ಕೆಳಗೆ ನಿಮ್ಮ ಕಾರ್ಡ್ ಇರುತ್ತಲ್ಲ (ಇಎನ್‌ಒ1 ಅಂದ್ಕೊಳ್ಳಿ), ಅಲ್ಲಿ ಡಿಎಚ್‌ಸಿಪಿ4 (ರೂಟರ್‌ನಿಂದ ತಾನಾಗಿ ಐಪಿ ಪಡೆಯೋದು) ಅನ್ನ ಫಾಲ್ಸ್ ಮಾಡಿ, ಬರೆದಿರೋ ವಿಳಾಸ, ಗೇಟ್‌ವೇ ಎಲ್ಲ ಅಲ್ಲಿಂದ ತೆಗೀರಿ. ಕೆಳಗೆ ಬ್ರಿಡ್ಜಸ್ ಅಂತ ಹೊಸ ವಿಭಾಗ, ಅದರೊಳಗೆ ಬಿಆರ್0, ಅದರ ಇಂಟರ್‌ಫೇಸಸ್ ಪಟ್ಟಿಯಲ್ಲಿ ಇಎನ್‌ಒ1. ಹೋಸ್ಟ್‌ನ ವಿಳಾಸ, ಗೇಟ್‌ವೇ, ಡಿಎನ್‌ಎಸ್ ಎಲ್ಲ ಬಿಆರ್0 ಕೆಳಗೆ. ಬಿಆರ್0ಗೆ ಮ್ಯಾಕ್‌ಅಡ್ರೆಸ್ ಅನ್ನೋ ಸಾಲೂ ಹಾಕಿ, ಇಎನ್‌ಒ1ರ ಮ್ಯಾಕ್ ಅನ್ನೇ ಬರೀರಿ. ಇಲ್ಲದಿದ್ರೆ ಬ್ರಿಡ್ಜ್‌ಗೆ ಬೇರೆ ಮ್ಯಾಕ್ ಬಂದು, ರೂಟರ್‌ನಲ್ಲಿ ಹೋಸ್ಟ್‌ಗೆ ಕಾದಿರಿಸಿದ ಐಪಿ ತಪ್ಪಿಹೋಗಬಹುದು.

ಆಮೇಲೆ ಪ್ರತಿ ವಿಎಂಗೆ: ವರ್ಟ್ ಮ್ಯಾನೇಜರ್‌ನಲ್ಲಿ ಎನ್‌ಐಸಿ (ವಿಎಂನ ನೆಟ್‌ವರ್ಕ್ ಕಾರ್ಡ್) ತೆರೆದು ನೆಟ್‌ವರ್ಕ್ ಸೋರ್ಸ್ ಅನ್ನ "ಬ್ರಿಡ್ಜ್ ಡಿವೈಸ್" ಮಾಡಿ ಹೆಸರಿಗೆ ಬಿಆರ್0 ಕೊಡಿ, ಮಾಡೆಲ್ ವರ್ಟಿಯೋ. ವಿಎಂ ಒಳಗೆ ಕೂತು ರೀಬೂಟ್ ಮಾಡಿದ್ರೆ ಈ ಬದಲಾವಣೆ ಹತ್ತಲ್ಲ. ಪೂರ್ತಿ ಆರಿಸಿ ಮತ್ತೆ ಹಚ್ಚಬೇಕು.

ನೂಲೇಣಿ
ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಕೂತು ಇದನ್ನ ಮಾಡ್ತಿದ್ರೆ ನೇರ "ಅಪ್ಲೈ" ಕೊಡಬೇಡಿ. ನೆಟ್‌ಪ್ಲಾನ್ ಟ್ರೈ ಕೊಡಿ, 120 ಸೆಕೆಂಡಿನಲ್ಲಿ ನೀವು ಎಂಟರ್ ಒತ್ತದಿದ್ರೆ ಹಳೆಯದಕ್ಕೆ ಮರಳುತ್ತೆ.

ಗಡಿಯಾರ
@ನೂಲೇಣಿ ಇಲ್ಲೊಂದು ತಿದ್ದುಪಡಿ. ಬ್ರಿಡ್ಜ್‌ಗೆ ಪ್ಯಾರಾಮೀಟರ್ಸ್ ವಿಭಾಗ (ಎಸ್‌ಟಿಪಿ ಅನ್ನೋ ಲೂಪ್ ತಡೆ, ಫಾರ್ವರ್ಡ್ ಡಿಲೇ) ಹಾಕಿದ್ರೆ ನೆಟ್‌ಪ್ಲಾನ್ ಟ್ರೈ "ಇದನ್ನ ವಾಪಸ್ ತರೋಕೆ ನನ್ನಿಂದಾಗಲ್ಲ, ಅಪ್ಲೈ ಬಳಸಿ" ಅಂತ ಹೇಳಿ ನಿಲ್ಲುತ್ತೆ. ಬ್ರಿಡ್ಜ್ ಮತ್ತು ಬಾಂಡ್‌ನ (ಹಲವು ಕಾರ್ಡ್ ಒಂದಾಗಿಸಿದ್ದು) ಪ್ಯಾರಾಮೀಟರ್ಸ್‌ಗೆ ಆ ರಕ್ಷಣೆ ಇಲ್ಲ.

ದೂರದ ಯಂತ್ರಕ್ಕೆ ನಂಬಬಹುದಾದ ದಾರಿ: ಹಳೆ ಫೈಲ್‌ನ ಪ್ರತಿ ಬೇರೆ ಜಾಗದಲ್ಲಿಡಿ. ಟಿಮಕ್ಸ್ (ಸಂಪರ್ಕ ಕಡಿದ್ರೂ ಓಡ್ತಾ ಇರೋ ಟರ್ಮಿನಲ್) ಒಳಗೆ ಒಂದು ಸಾಲು ಓಡಿಸಿ: 300 ಸೆಕೆಂಡ್ ಕಾಯಬೇಕು, ಹಳೆ ಪ್ರತಿಯನ್ನ ಮತ್ತೆ ಜಾಗಕ್ಕೆ ಹಾಕಬೇಕು, ರೀಬೂಟ್ ಆಗಬೇಕು. ಆಮೇಲೆ ಇನ್ನೊಂದು ಕಿಟಕಿಯಲ್ಲಿ ಅಪ್ಲೈ. ಮತ್ತೆ ಲಾಗಿನ್ ಆಗೋಕೆ ಸಾಧ್ಯವಾದ್ರೆ ಆ ಸಾಲನ್ನ ಕೊಲ್ಲಿ. ಆಗದಿದ್ರೆ ಐದು ನಿಮಿಷದಲ್ಲಿ ಯಂತ್ರ ತಾನೇ ಹಳೆ ಸ್ಥಿತಿಗೆ ಬರುತ್ತೆ. ಫೈಲ್ ವಾಪಸ್ ಹಾಕದೆ ಬರೀ ರೀಬೂಟ್ ಮಾಡಿದ್ರೆ ಅದೇ ತಪ್ಪು ಫೈಲ್ ಎದ್ದು ಕೂರುತ್ತೆ, ಅದನ್ನ ಮರೀಬೇಡಿ.

ಹೊಸಬ_22
ಇಷ್ಟೆಲ್ಲ ಯಾಕೆ? ನ್ಯಾಟ್‌ನಲ್ಲೇ ಬಿಟ್ಟು ಪೋರ್ಟ್ ಫಾರ್ವರ್ಡ್ ಮಾಡಿದ್ರೆ ಆಗಲ್ವಾ? ಹೋಸ್ಟ್‌ನ 2222 ಬಂದ್ರೆ ಮೊದಲ ವಿಎಂನ 22ಕ್ಕೆ, 2223 ಬಂದ್ರೆ ಎರಡನೆಯದರ 22ಕ್ಕೆ.

ಕೊಂಡಿ
ಒಂದು ವಿಎಂ, ಒಂದೆರಡು ಪೋರ್ಟ್ ಇದ್ರೆ ಅದೇ ಒಳ್ಳೆಯದು. ಲ್ಯಾಪ್‌ಟಾಪ್ ಹಿಡ್ಕೊಂಡು ದಿನಕ್ಕೊಂದು ನೆಟ್‌ವರ್ಕ್‌ಗೆ ಸೇರೋರಿಗೆ ನಾನೂ ನ್ಯಾಟ್ ಅಂತಲೇ ಹೇಳೋದು. ಐದು ವಿಎಂಗೂ 443 ಬೇಕು ಅಂದಾಗ ಲೆಕ್ಕ ಕೆಡುತ್ತೆ. ವಿಎಂ ಒಳಗಿನ ಲಾಗ್‌ನಲ್ಲಿ ಬಂದವರ ನಿಜವಾದ ಐಪಿ ಕಾಣದೇ ಹೋಗೋದೂ ಉಂಟು, ಫಾರ್ವರ್ಡ್ ಹೇಗೆ ಮಾಡಿದ್ದೀರಿ ಅನ್ನೋದರ ಮೇಲೆ.

ಮಿಂಚುಳ
ಲ್ಯಾಪ್‌ಟಾಪ್‌ನವರು ಎರಡು ಕಾರ್ಡ್ ಕೊಡಿ. ಒಂದು ನ್ಯಾಟ್, ಇಂಟರ್ನೆಟ್‌ಗೆ. ಇನ್ನೊಂದು ಹೋಸ್ಟ್ ಓನ್ಲಿ (ಹೋಸ್ಟ್ ಜೊತೆ ಮಾತ್ರ ಮಾತಾಡೋದು), 192.168.56 ಸಾಲಿನಲ್ಲಿ ಬದಲಾಗದ ವಿಳಾಸ ಕೊಟ್ಟುಬಿಡಿ. ಯಾವ ವೈಫೈಗೆ ಹೋದ್ರೂ ಹೋಸ್ಟ್‌ನಿಂದ ಅದೇ ಐಪಿಯಲ್ಲಿ ವಿಎಂ ಸಿಗುತ್ತೆ. ಹೋಸ್ಟ್ ಓನ್ಲಿ ಕಾರ್ಡ್‌ಗೆ ಗೇಟ್‌ವೇ ಮಾತ್ರ ಬರೀಬೇಡಿ. ಎರಡು ಡೀಫಾಲ್ಟ್ ಗೇಟ್‌ವೇ ಆದ್ರೆ ಇಂಟರ್ನೆಟ್ ಒಮ್ಮೆ ಇರುತ್ತೆ, ಒಮ್ಮೆ ಇರಲ್ಲ.

ಇನ್ನೊಂದು: ವರ್ಚುವಲ್‌ಬಾಕ್ಸ್ 6.1.28ರಿಂದ ಲಿನಕ್ಸ್ ಮತ್ತು ಮ್ಯಾಕ್‌ಓಎಸ್‌ನಲ್ಲಿ ಹೋಸ್ಟ್ ಓನ್ಲಿಗೆ 192.168.56.0/21 ಬಿಟ್ಟು ಬೇರೆ ಸಾಲು ಕೊಟ್ರೆ ತಗೊಳ್ಳಲ್ಲ. ಬೇರೆ ಬೇಕಿದ್ರೆ ಇಟಿಸಿ ಒಳಗೆ ವಿಬಾಕ್ಸ್ ಫೋಲ್ಡರ್‌ನಲ್ಲಿ ನೆಟ್‌ವರ್ಕ್ಸ್ ಡಾಟ್ ಕಾನ್ಫ್ ಫೈಲ್ ಮಾಡಿ ಅದರಲ್ಲಿ ಅನುಮತಿ ಕೊಡಬೇಕು.

ತಂತಿಮನೆ
ಕೇಬಲ್ ಹಾಕಿದೆ, ಬ್ರಿಡ್ಜ್ ಆಯ್ತು, ಹೋಸ್ಟ್‌ನ ಇಂಟರ್ನೆಟ್ ಸರಿ ಇದೆ. ಆದ್ರೆ ವಿಎಂಗೆ ಡಿಎಚ್‌ಸಿಪಿಯಿಂದ ಐಪಿ ಬರ್ತಿಲ್ಲ. ಕೈಯಿಂದ 192.168.1.20 ಕೊಟ್ಟು ನೋಡಿದೆ. ಹೋಸ್ಟ್‌ನಿಂದ ವಿಎಂಗೆ ಪಿಂಗ್ ಹೋಗುತ್ತೆ. ರೂಟರ್‌ಗೆ ಹೋಗಲ್ಲ, ಬೇರೆ ಕಂಪ್ಯೂಟರ್‌ನಿಂದಲೂ ಬರಲ್ಲ. ವಿಚಿತ್ರ ಅಂದ್ರೆ ಬೇರೆ ಕಂಪ್ಯೂಟರ್‌ನ ಎಆರ್‌ಪಿ ಪಟ್ಟಿಯಲ್ಲಿ ವಿಎಂನ ಮ್ಯಾಕ್ ಸರಿಯಾಗಿ ಕಾಣ್ತಿದೆ, 52:54:00 ಇಂದ ಶುರುವಾಗೋದು.

ಗಡಿಯಾರ
ಅದೇ ಹೋಸ್ಟ್‌ನಲ್ಲಿ ಡಾಕರ್ (ಕಂಟೇನರ್ ಓಡಿಸೋ ಸಾಫ್ಟ್‌ವೇರ್) ಇದೆಯಾ?

ತಂತಿಮನೆ
ಇದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಗಡಿಯಾರ
ತುಂಬಾ ಇದೆ. ನೀವು ಹೇಳಿದ ಮೂರು ಗುರುತು ಒಟ್ಟಿಗೆ ಸಿಕ್ಕಿದ್ರೆ (ಎಆರ್‌ಪಿ ಹೋಗುತ್ತೆ, ಹೋಸ್ಟ್ ಮತ್ತು ವಿಎಂ ಮಾತಾಡುತ್ವೆ, ಹೊರಗಿನದು ಮಾತ್ರ ಸತ್ತಿದೆ) ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಬ್ರಿಡ್ಜ್‌ನಲ್ಲಿ ಒಂದು ಪೋರ್ಟ್‌ನಿಂದ ಇನ್ನೊಂದಕ್ಕೆ ಹೋಗೋ ಫ್ರೇಮ್ ಐಪಿಟೇಬಲ್ಸ್ (ಲಿನಕ್ಸ್ ಫೈರ್‌ವಾಲ್) ಹತ್ತಿರ ಸುಳಿಯಬಾರದು, ಅದು ಕೆಳಗಿನ ಪದರದ ಕೆಲಸ. ಆದ್ರೆ ಬಿಆರ್ ನೆಟ್‌ಫಿಲ್ಟರ್ ಅನ್ನೋ ಕರ್ನಲ್ ಮಾಡ್ಯೂಲ್ ಲೋಡ್ ಆದ್ರೆ ಆ ಫ್ರೇಮ್ ಒಳಗಿನ ಐಪಿ ಪ್ಯಾಕೆಟ್ಟನ್ನೂ ಐಪಿಟೇಬಲ್ಸ್‌ನ ಫಾರ್ವರ್ಡ್ ಸರಪಳಿಗೆ ಎಳೆದು ತರುತ್ತೆ. ಡಾಕರ್ ಇದ್ದ ಯಂತ್ರದಲ್ಲಿ ಆ ಮಾಡ್ಯೂಲ್ ಲೋಡ್ ಆಗಿರೋದು ಸಾಮಾನ್ಯ. ಜೊತೆಗೆ 1.13ನೇ ಆವೃತ್ತಿಯಿಂದ ಡಾಕರ್ ಫಾರ್ವರ್ಡ್ ಸರಪಳಿಯ ಪಾಲಿಸಿಯನ್ನ ಡ್ರಾಪ್ ಮಾಡುತ್ತೆ. ಎರಡೂ ಸೇರಿದ್ರೆ ನಿಮ್ಮ ವಿಎಂನ ಪ್ಯಾಕೆಟ್ ಬಿಆರ್0 ಒಳಗೇ ಸಾಯುತ್ತೆ. ಎಆರ್‌ಪಿ ಐಪಿಟೇಬಲ್ಸ್‌ಗೆ ಸೇರಿದ್ದಲ್ಲ, ಅದಕ್ಕೇ ಅದು ಪಾರಾಗೋದು. ಹೋಸ್ಟ್‌ನದು ಇನ್‌ಪುಟ್ ಔಟ್‌ಪುಟ್ ಸರಪಳಿಯಲ್ಲಿ ಹೋಗುತ್ತೆ, ಅದಕ್ಕೇ ಅದೂ ಪಾರು. ಡಿಎಚ್‌ಸಿಪಿ ಐಪಿ ಪ್ಯಾಕೆಟ್ಟೇ ಆದ್ದರಿಂದ ಸಿಕ್ಕಿಹಾಕಿಕೊಳ್ಳುತ್ತೆ.

ಊಹೆ ಬೇಡ, ನೋಡಿಯೇ ಬಿಡಿ. ಎರಡು ಕಿಟಕಿಯಲ್ಲಿ ಟಿಸಿಪಿಡಂಪ್ (ಹಾದುಹೋಗೋ ಪ್ಯಾಕೆಟ್ ತೋರಿಸೋ ಸಾಧನ) ಹಚ್ಚಿ, ಒಂದು ವಿನೆಟ್0 (ಬ್ರಿಡ್ಜ್‌ನಲ್ಲಿ ವಿಎಂನ ಪೋರ್ಟ್) ಮೇಲೆ, ಇನ್ನೊಂದು ಇಎನ್‌ಒ1 ಮೇಲೆ, ಎರಡರಲ್ಲೂ ಐಸಿಎಂಪಿ (ಪಿಂಗ್‌ನ ಪ್ಯಾಕೆಟ್) ಮಾತ್ರ. ವಿಎಂನಿಂದ ರೂಟರ್‌ಗೆ ಪಿಂಗ್ ಬಿಡಿ. ವಿನೆಟ್0ದಲ್ಲಿ ಕಂಡು ಇಎನ್‌ಒ1ರಲ್ಲಿ ಕಾಣದಿದ್ರೆ ಹೋಸ್ಟ್ ಒಳಗೇ ನಿಂತಿದೆ. ಇಎನ್‌ಒ1ರಲ್ಲಿ ಹೊರಟು ಉತ್ತರ ಬರದಿದ್ರೆ ತೊಂದರೆ ಹೊರಗೆ, ಸ್ವಿಚ್ಚು ಅಥವಾ ರೂಟರ್‌ನಲ್ಲಿ.

ತಂತಿಮನೆ
ವಿನೆಟ್0ದಲ್ಲಿ ರಿಕ್ವೆಸ್ಟ್ ಸಾಲುಸಾಲಾಗಿ ಬರ್ತಿದೆ. ಇಎನ್‌ಒ1ರಲ್ಲಿ ಒಂದೂ ಇಲ್ಲ!

ನೂಲೇಣಿ
ಸಿಕ್ತು. ಸಿಸ್‌ಸಿಟಿಎಲ್‌ನಲ್ಲಿ (ಕರ್ನಲ್ ಸೆಟ್ಟಿಂಗ್ ಬದಲಿಸೋ ಕಮಾಂಡ್) ಬ್ರಿಡ್ಜ್ ಎನ್‌ಎಫ್ ಕಾಲ್ ಐಪಿಟೇಬಲ್ಸ್ ಅನ್ನ 0 ಮಾಡಿ. ಮುಗೀತು.

ಗಡಿಯಾರ
@ನೂಲೇಣಿ ಅದು ಮುಗಿಸೋದಲ್ಲ, ಮುಂದಕ್ಕೆ ಹಾಕೋದು. ಅದು ಇಡೀ ಹೋಸ್ಟ್‌ನ ಎಲ್ಲ ಬ್ರಿಡ್ಜ್‌ಗೂ ಅನ್ವಯಿಸೋ ಸೆಟ್ಟಿಂಗ್. ಒಂದೇ ಡಾಕರ್ ನೆಟ್‌ವರ್ಕ್‌ನ ಕಂಟೇನರ್‌ಗಳ ನಡುವೆ ತಡೆ ಹಾಕಿದ್ರೆ ಅದು ಸಡಿಲವಾಗುತ್ತೆ. ಕುಬರ್ನೆಟಿಸ್ ಇದ್ರಂತೂ ಅದಕ್ಕೆ 1 ಇರಲೇಬೇಕು ಅಂತ ಕೇಳೋ ನೆಟ್‌ವರ್ಕ್ ಪ್ಲಗಿನ್‌ಗಳಿವೆ. ಮಾಡ್ಯೂಲ್ ಆಮೇಲೆ ಲೋಡ್ ಆದ್ರೆ ಬೂಟ್‌ನಲ್ಲಿ ಬರೆದ 0 ಹಾರಿಹೋಗಿ ಮತ್ತೆ 1 ಆಗುತ್ತೆ, ರೀಬೂಟ್ ಆದಾಗೆಲ್ಲ ಅದೇ ತಲೆನೋವು.

ಡಾಕರ್ ನಿಮಗಾಗಿಯೇ ಬಿಟ್ಟುಕೊಟ್ಟಿರೋ "ಡಾಕರ್ ಯೂಸರ್" ಸರಪಳಿಯಲ್ಲಿ ಒಂದೇ ನಿಯಮ ಸೇರಿಸಿ: ಒಳಬರೋದು ಬಿಆರ್0, ಹೊರಹೋಗೋದು ಬಿಆರ್0 ಆದ್ರೆ ಅಕ್ಸೆಪ್ಟ್. ಆ ಒಂದು ಬ್ರಿಡ್ಜ್‌ಗೆ ಮಾತ್ರ ಬಾಗಿಲು ತೆರೆಯುತ್ತೆ.

ನೂಲೇಣಿ
ಕಂಟೇನರ್‌ಗೆ ಅಂಥ ತಡೆ ಹಾಕಿರೋರು ಎಷ್ಟು ಜನ? ಮನೆಯ ಸರ್ವರ್‌ಗೆ 0 ಸಾಕು ಅಂತಲೇ ನನ್ನ ವಾದ. ರೀಬೂಟ್‌ನದು ಒಪ್ಪಿದೆ, ಬೂಟ್ ಆದಾಗೆಲ್ಲ ಆ ನಿಯಮ ಮತ್ತೆ ಬರೋ ಹಾಗೆ ಉಳಿಸಿಟ್ರೆ ನಿಮ್ಮದೇ ಮೇಲು.

ತಂತಿಮನೆ
ನಿಯಮ ಹಾಕಿದ ತಕ್ಷಣ ಪಿಂಗ್ ಶುರು. ಡಿಎಚ್‌ಸಿಪಿಯೂ ಸಿಕ್ತು, ಆದ್ರೆ ವಿಎಂ ಎದ್ದು ಅರ್ಧ ನಿಮಿಷ ಆದ ಮೇಲೆ. ಅಷ್ಟು ಹೊತ್ತು ಯಾಕೆ?

ಬೆಳ್ಳಿಚುಕ್ಕಿ
ಎಸ್‌ಟಿಪಿ. ನೆಟ್‌ಪ್ಲಾನ್ ಬ್ರಿಡ್ಜ್‌ಗೆ ನೀವು ಹೇಳದಿದ್ರೂ ಎಸ್‌ಟಿಪಿ ಚಾಲೂ ಮಾಡುತ್ತೆ. ಹೊಸ ಪೋರ್ಟ್ ಸೇರಿದಾಗ 15 ಸೆಕೆಂಡ್ ಕೇಳಿಸಿಕೊಳ್ಳುತ್ತೆ, 15 ಸೆಕೆಂಡ್ ಕಲಿಯುತ್ತೆ, ಆಮೇಲೆ ದಾಟಿಸುತ್ತೆ. ವಿಎಂ ಹಚ್ಚಿದಾಗೆಲ್ಲ ಅದರ ಟ್ಯಾಪ್ (ವಿನೆಟ್0 ಥರದ್ದು) ಹೊಸ ಪೋರ್ಟೇ. ನೆಟ್‌ವರ್ಕ್‌ನಿಂದ ಬೂಟ್ ಆಗೋ ವಿಎಂಗಳು ಆ ಅರ್ಧ ನಿಮಿಷದಲ್ಲಿ ಕಾದು ಕೈಬಿಟ್ಟಿರುತ್ತವೆ. ಬಿಆರ್0ಗೆ ಒಂದೇ ಕೇಬಲ್ ಇದ್ರೆ, ಯಾವ ವಿಎಂನೂ ತನ್ನೊಳಗೆ ಎರಡು ಕಾರ್ಡ್ ಸೇರಿಸಿ ಬ್ರಿಡ್ಜ್ ಮಾಡದಿದ್ರೆ ಲೂಪ್ ಆಗೋ ದಾರಿಯೇ ಇಲ್ಲ. ಪ್ಯಾರಾಮೀಟರ್ಸ್‌ನಲ್ಲಿ ಎಸ್‌ಟಿಪಿ ಫಾಲ್ಸ್, ಫಾರ್ವರ್ಡ್ ಡಿಲೇ 0.

ಕಚೇರಿಯ ಸ್ವಿಚ್ಚಿಗೆ ಹಾಕೋರು ಇನ್ನೊಂದು ನೋಡ್ಕೊಳ್ಳಿ. ಎಸ್‌ಟಿಪಿ ಚಾಲೂ ಇದ್ರೆ ನಿಮ್ಮ ಹೋಸ್ಟ್ ಹೊರಗೆ ಬಿಪಿಡಿಯು (ಎಸ್‌ಟಿಪಿಯ ಸಂದೇಶ) ಕಳಿಸುತ್ತೆ. ಸ್ವಿಚ್ಚಿನ ಆ ಪೋರ್ಟ್‌ನಲ್ಲಿ ಬಿಪಿಡಿಯು ಗಾರ್ಡ್ ಇದ್ರೆ ಪೋರ್ಟನ್ನೇ ಮುಚ್ಚುತ್ತೆ.

ಕಟ್ಟೆಮಾತು
ಸ್ವಿಚ್ಚಿನ ಮಾತು ಬಂತಲ್ಲ, ಪೋರ್ಟ್ ಸೆಕ್ಯುರಿಟಿನೂ ಸೇರಿಸಿ. ಸಿಸ್ಕೊ ಸ್ವಿಚ್ಚಿನಲ್ಲಿ ಅದನ್ನ ಆನ್ ಮಾಡಿ ಸಂಖ್ಯೆ ಬರೀದಿದ್ರೆ ಒಂದು ಪೋರ್ಟ್‌ಗೆ ಒಂದೇ ಮ್ಯಾಕ್. ಎರಡನೇ ಮ್ಯಾಕ್ ಕಂಡ ಕೂಡಲೇ ಪೋರ್ಟ್ ಎರ್ ಡಿಸೇಬಲ್ಡ್ ಆಗುತ್ತೆ, ಅಂದ್ರೆ ಮುಚ್ಚಿಹೋಗುತ್ತೆ. ಮೊದಲ ವಿಎಂ ಬ್ರಿಡ್ಜ್‌ಗೆ ಸೇರಿ ಒಂದು ಪ್ಯಾಕೆಟ್ ಕಳಿಸಿದ ಗಳಿಗೆಯಲ್ಲೇ ಹೋಸ್ಟೂ ನೆಟ್‌ವರ್ಕ್‌ನಿಂದ ಹೋಗುತ್ತೆ. ಹೋಸ್ಟ್‌ನಲ್ಲಿ ಎಷ್ಟು ಹುಡುಕಿದ್ರೂ ತಪ್ಪು ಸಿಗಲ್ಲ, ಯಾಕಂದ್ರೆ ತಪ್ಪು ಅಲ್ಲಿಲ್ಲ. ಮೊದಲೇ ನೆಟ್‌ವರ್ಕ್ ನೋಡಿಕೊಳ್ಳೋರಿಗೆ ಹೇಳಿ ಹೋಸ್ಟ್ ಒಂದು, ವಿಎಂ ಐದು, ಒಟ್ಟು ಆರು ಮ್ಯಾಕ್‌ಗೆ ಅವಕಾಶ ಮಾಡಿಸಿಕೊಳ್ಳಿ.

ನನ್ನ ಕೇಳಿದ್ರೆ ಈ ಇಡೀ ಚರ್ಚೆ ಐಪಿಯದ್ದೇ ಅಲ್ಲ. ಐಪಿ ಯಾರು ಬೇಕಾದ್ರೂ ಕೊಡಬಹುದು. ಆ ಹೊಸ ಮ್ಯಾಕ್ ಅನ್ನ ದಾರಿಯಲ್ಲಿರೋ ಒಬ್ಬೊಬ್ಬರೂ ಒಪ್ಪಬೇಕು: ಬ್ರಿಡ್ಜ್, ಫೈರ್‌ವಾಲ್, ಸ್ವಿಚ್ಚು, ಆಕ್ಸೆಸ್ ಪಾಯಿಂಟ್. ಯಾರು ಒಪ್ಪಿಲ್ಲ ಅಂತ ಹುಡುಕೋದೇ ಕೆಲಸ.

ತಂತಿಮನೆ
ಹೊಸ ಸಮಸ್ಯೆ. ಒಂದು ವಿಎಂ ತಯಾರು ಮಾಡಿ ಅದನ್ನೇ ಕ್ಲೋನ್ ಮಾಡಿ ಉಳಿದ ನಾಲ್ಕು ಮಾಡಿದ್ದು. ಎರಡನೆಯದನ್ನ ಹಚ್ಚಿದ್ರೆ ಮೊದಲನೆಯದರ ಐಪಿಯೇ ಅದಕ್ಕೂ ಬರುತ್ತೆ, ಎರಡೂ ಕೆಡುತ್ವೆ. ಮ್ಯಾಕ್ ಒಂದೇ ಇರಬಹುದಾ ಅಂತ ನೋಡಿದೆ, ಇಲ್ಲ, ಬೇರೆ ಬೇರೆ ಇವೆ.

ಹೊಸಬ_22
ಮ್ಯಾಕ್ ಬೇರೆ ಇದ್ರೆ ಒಂದೇ ಐಪಿ ಬರೋಕೆ ಸಾಧ್ಯವೇ ಇಲ್ಲ. ರೂಟರ್ ಕೆಟ್ಟಿರಬೇಕು.

ಬೆಳ್ಳಿಚುಕ್ಕಿ
ಸಾಧ್ಯ, ರೂಟರ್ ಸರಿಯಾಗೇ ಇದೆ. ಉಬುಂಟು ಸರ್ವರ್‌ನಲ್ಲಿ ಡಿಎಚ್‌ಸಿಪಿ ಕೇಳೋದು ಸಿಸ್ಟಂಡಿ ನೆಟ್‌ವರ್ಕ್‌ಡಿ ಅನ್ನೋ ಸೇವೆ. ಅದು ತನ್ನನ್ನ ಮ್ಯಾಕ್‌ನಿಂದ ಪರಿಚಯಿಸಿಕೊಳ್ಳಲ್ಲ. ಇಟಿಸಿಯಲ್ಲಿರೋ ಮಷೀನ್ ಐಡಿ ಫೈಲ್‌ನಿಂದ ಒಂದು ಗುರುತು ಹುಟ್ಟಿಸಿ ಅದನ್ನ ಕಳಿಸುತ್ತೆ. ವರ್ಟ್ ಕ್ಲೋನ್ ಹೊಸ ಮ್ಯಾಕ್ ಕೊಡುತ್ತೆ, ಡಿಸ್ಕ್ ಒಳಗಿನ ಮಷೀನ್ ಐಡಿಯನ್ನ ಮುಟ್ಟಲ್ಲ. ರೂಟರ್‌ಗೆ ಕೇಳಿಸೋದು "ನಾನೇ ಹಳೆಯವನು, ಮತ್ತೆ ಬಂದೆ" ಅಂತ, ಅದು ಹಳೆ ಐಪಿಯನ್ನೇ ಕೊಡುತ್ತೆ.

ಕ್ಲೋನ್ ಒಳಗೆ ಹೋಗಿ ಮಷೀನ್ ಐಡಿ ಫೈಲ್ ಅನ್ನ ಖಾಲಿ ಮಾಡಿ. ಫೈಲ್ ಅಳಿಸಬೇಡಿ, ಟ್ರಂಕೇಟ್ ಮಾಡಿ 0 ಬೈಟ್‌ಗೆ ತನ್ನಿ. ಮುಂದಿನ ಬೂಟ್‌ನಲ್ಲಿ ಹೊಸದು ಬರುತ್ತೆ. ಅಥವಾ ನೆಟ್‌ಪ್ಲಾನ್‌ನಲ್ಲಿ ಆ ಕಾರ್ಡ್ ಕೆಳಗೆ ಡಿಎಚ್‌ಸಿಪಿ ಐಡೆಂಟಿಫೈಯರ್ ಅನ್ನ ಮ್ಯಾಕ್ ಅಂತ ಬರೀರಿ. ನಾನಾದ್ರೆ ಎರಡೂ ಮಾಡ್ತೀನಿ, ರೂಟರ್‌ನಲ್ಲಿ ಮ್ಯಾಕ್ ಹೆಸರಿನಲ್ಲಿ ಐಪಿ ಕಾದಿರಿಸೋಕೆ ಎರಡನೆಯದು ಬೇಕಾಗಬಹುದು.

ಗಡಿಯಾರ
ಕ್ಲೋನ್‌ಗಳ ಎಸ್‌ಎಸ್‌ಎಚ್ ಹೋಸ್ಟ್ ಕೀಗಳೂ ಒಂದೇ ಆಗಿರುತ್ವೆ, ಅವನ್ನೂ ಹೊಸದಾಗಿ ಹುಟ್ಟಿಸಬೇಕು. ವರ್ಟ್ ಸಿಸ್‌ಪ್ರೆಪ್ ಅನ್ನೋ ಸಾಧನ ಹಳೆ ಮಷೀನ್ ಐಡಿ, ಹಳೆ ಕೀ ಎಲ್ಲ ಒಟ್ಟಿಗೆ ತೆಗೆಯುತ್ತೆ. ವಿಎಂ ಆಫ್ ಇರುವಾಗ ಮಾತ್ರ ಓಡಿಸಿ, ಓಡ್ತಿರೋ ವಿಎಂ ಮೇಲೆ ಓಡಿಸಿದ್ರೆ ಡಿಸ್ಕ್ ಹಾಳಾಗಬಹುದು.

ಮಿಂಚುಳ
ಮ್ಯಾಕ್ ಅನ್ನ ಕೈಯಿಂದ ಬರೆಯೋರಿಗೆ ಒಂದು ಮಾತು. ಮೊದಲ ಜೋಡಿಯ ಎರಡನೇ ಅಂಕಿ 2, 6, ಎ, ಇ ಇವುಗಳಲ್ಲೊಂದು ಇರಲಿ. ಅಂದ್ರೆ "ಇದು ಸ್ಥಳೀಯವಾಗಿ ಕೊಟ್ಟದ್ದು, ಒಬ್ಬರಿಗೆ ಸೇರಿದ್ದು" ಅಂತ. ಬೆಸ ಅಂಕಿ ಬರೆದ್ರೆ ಅದು ಮಲ್ಟಿಕಾಸ್ಟ್ (ಒಂದು ಗುಂಪಿಗೆ ಕಳಿಸೋ) ಮ್ಯಾಕ್ ಆಗುತ್ತೆ, ಕಾರ್ಡ್‌ಗೆ ಕೊಡೋ ಹಾಗಿಲ್ಲ. 52:54:00 ಕೂಡ ಈ ನಿಯಮಕ್ಕೆ ಹೊಂದುತ್ತೆ.

ತಂತಿಮನೆ
ಮಷೀನ್ ಐಡಿ ಖಾಲಿ ಮಾಡಿದೆ. ಐದಕ್ಕೂ ಐದು ಐಪಿ ಬಂತು!

ಈಗ ಇವು ಬದಲಾಗದ ಹಾಗೆ ಮಾಡಬೇಕು. ವಿಎಂ ಒಳಗೆ ಬರೀಲಾ, ರೂಟರ್‌ನಲ್ಲಿ ಕಾದಿರಿಸಲಾ?

ನೂಲೇಣಿ
ರೂಟರ್‌ನಲ್ಲಿ. ಎಲ್ಲ ಒಂದೇ ಕಡೆ ಇರುತ್ತೆ.

ಕಟ್ಟೆಮಾತು
ವಿಎಂ ಒಳಗೆ. ರೂಟರ್ ಬದಲಾಯಿಸಿದ ದಿನ ಆ ಪಟ್ಟಿ ಅದರ ಜೊತೆಗೇ ಹೋಗುತ್ತೆ.

ಕೊಂಡಿ
ಡಿಎನ್‌ಎಸ್ ಅಥವಾ ಡಿಎಚ್‌ಸಿಪಿಯನ್ನೇ ನಡೆಸೋ ವಿಎಂ ಇದ್ರೆ ಅದಕ್ಕೆ ಒಳಗೇ ಬರೆಯಬೇಕು, ಬೇರೆ ದಾರಿ ಇಲ್ಲ. ಉಳಿದವಕ್ಕೆ ರೂಟರ್ ಸಾಕು. ಒಳಗೆ ಬರೆಯೋದಾದ್ರೆ ಡಿಎಚ್‌ಸಿಪಿ ಹಂಚೋ ವ್ಯಾಪ್ತಿಯ ಹೊರಗಿನ ಸಂಖ್ಯೆ ತಗೊಳ್ಳಿ. ರೂಟರ್ 100ರಿಂದ 200 ಹಂಚುತ್ತಿದ್ರೆ ವಿಎಂಗಳಿಗೆ 20ರಿಂದ 24. ಒಳಗಿನ ಸಂಖ್ಯೆ ಕೊಟ್ರೆ ಮೊದಮೊದಲು ನಡೆಯುತ್ತೆ, ಒಂದು ದಿನ ರೂಟರ್ ಅದನ್ನೇ ಯಾವುದೋ ಫೋನಿಗೆ ಕೊಡುತ್ತೆ.

ಕೊಡೋ ಮುಂಚೆ ಆ ಸಂಖ್ಯೆ ಖಾಲಿ ಇದೆಯಾ ಅಂತ ಹೋಸ್ಟ್‌ನಿಂದ ಎಆರ್‌ಪಿಂಗ್ ಬಳಸಿ ನೋಡಿ. ಬರೀ ಪಿಂಗ್ ನಂಬಬೇಡಿ, ಫೈರ್‌ವಾಲ್ ಇರೋ ಯಂತ್ರ ಪಿಂಗ್‌ಗೆ ಸುಮ್ಮನಿರುತ್ತೆ, ಎಆರ್‌ಪಿಗೆ ಮಾತ್ರ ಉತ್ತರ ಕೊಡಲೇಬೇಕು.

ಬೆಳ್ಳಿಚುಕ್ಕಿ
ಒಳಗೆ ಬರೆಯೋರು ಕ್ಲೌಡ್ ಇನಿಟ್ (ಬೂಟ್ ವೇಳೆ ವಿಎಂನ ಸೆಟ್ಟಿಂಗ್ ಬರೆಯೋ ಸಾಧನ) ಇದೆಯಾ ನೋಡಿ. ನೆಟ್‌ಪ್ಲಾನ್ ಫೋಲ್ಡರ್‌ನಲ್ಲಿ 50 ಕ್ಲೌಡ್ ಇನಿಟ್ ಅನ್ನೋ ಫೈಲ್ ಇದ್ರೆ ಅದನ್ನ ತಿದ್ದಬೇಡಿ, ಅದು ಮತ್ತೆ ಬರೆದುಕೊಳ್ಳಬಹುದು. ಕ್ಲೌಡ್ ಇನಿಟ್‌ನ ನೆಟ್‌ವರ್ಕ್ ಭಾಗ ನಿಲ್ಲಿಸಿ ನಿಮ್ಮದೇ ಫೈಲ್ ಇಡಿ.

ಹೊಸಬ_22
ಬ್ರಿಡ್ಜ್ ಬದಲು ಮ್ಯಾಕ್‌ವಿಟ್ಯಾಪ್ (ವಿಎಂ ಅನ್ನ ನೇರ ಕಾರ್ಡ್‌ಗೆ ಕೂರಿಸೋದು) ಹಾಕಿದ್ರೆ ಹೋಸ್ಟ್ ಫೈಲ್ ಏನೂ ತಿದ್ದೋದೇ ಬೇಡ ಅಂತ ಓದಿದೆ. ಅದು ಸುಲಭ ಅಲ್ವಾ?

ಗಡಿಯಾರ
ಸುಲಭ, ವೇಗವೂ ಇದೆ. ಒಂದು ಕೊರತೆ: ಹೋಸ್ಟೂ ವಿಎಂನೂ ಪರಸ್ಪರ ಮಾತಾಡಲ್ಲ. ವಿಎಂನ ಫ್ರೇಮ್ ನೇರ ಕಾರ್ಡ್‌ನಿಂದ ಹೊರಗೆ ಹೋಗುತ್ತೆ, ಬಂದ ಪೋರ್ಟ್‌ಗೇ ಅದನ್ನ ವಾಪಸ್ ಕಳಿಸೋ ಅಭ್ಯಾಸ ಸಾಮಾನ್ಯ ಸ್ವಿಚ್ಚಿಗಿಲ್ಲ. ಬೇರೆ ಎಲ್ಲರಿಂದ ವಿಎಂ ಸಿಗುತ್ತೆ, ಹೋಸ್ಟ್‌ನಿಂದ ಮಾತ್ರ ಸಿಗಲ್ಲ. ಹೋಸ್ಟ್‌ನಲ್ಲೂ ಒಂದು ಮ್ಯಾಕ್‌ವಿಲ್ಯಾನ್ ಮಾಡಿ ಐಪಿಯನ್ನ ಅದರ ಮೇಲಿಟ್ರೆ ಸರಿಯಾಗುತ್ತೆ. ಅಷ್ಟು ಮಾಡೋ ಹೊತ್ತಿಗೆ ಬ್ರಿಡ್ಜೇ ಆಗಿರುತ್ತೆ. ವೈಫೈ ಮೇಲೆ ಇದೂ ನಡೆಯಲ್ಲ, ಕಾರಣ ಅದೇ.

ಕಟ್ಟೆಮಾತು
ಕೇಬಲ್ ಎಳೆಯೋಕೆ ಆಗದೇ ಇರೋರಿಗೆ ವೈಫೈನಲ್ಲೂ ಒಂದು ದಾರಿ ಇದೆ, ಪ್ರಾಕ್ಸಿ ಎಆರ್‌ಪಿ. ಹೋಸ್ಟ್‌ನಲ್ಲಿ ಐಪಿ ಫಾರ್ವರ್ಡ್ 1, ವೈಫೈ ಕಾರ್ಡ್‌ನ ಮೇಲೆ ಪ್ರಾಕ್ಸಿ ಎಆರ್‌ಪಿ 1. ಒಳಗೆ ಯಾವ ಕಾರ್ಡೂ ಸೇರದ ಒಂದು ಬ್ರಿಡ್ಜ್, ವಿಎಂಗಳು ಅದರ ಮೇಲೆ. 192.168.1.20/32 (ಅಂದ್ರೆ ಆ ಒಂದೇ ವಿಳಾಸ) ಆ ಬ್ರಿಡ್ಜ್ ಕಡೆ ಅಂತ ಹೋಸ್ಟ್‌ನಲ್ಲಿ ಒಂದು ರೂಟ್. 192.168.1.20 ಯಾರು ಅಂತ ಹೊರಗಿನವರು ಕೇಳಿದ್ರೆ ಹೋಸ್ಟ್ ತನ್ನ ಮ್ಯಾಕ್ ಕೊಟ್ಟು ಪ್ಯಾಕೆಟ್ ತಗೊಂಡು ಒಳಗೆ ಕಳಿಸುತ್ತೆ. ವಿಎಂನಿಂದ ಉಳಿದವರನ್ನ ಹುಡುಕೋಕೆ ಒಳಗಿನ ಬ್ರಿಡ್ಜ್ ಮೇಲೂ ಪ್ರಾಕ್ಸಿ ಎಆರ್‌ಪಿ ಬೇಕು. ಡಿಎಚ್‌ಸಿಪಿ ಇದರಲ್ಲಿ ತಾನಾಗಿ ದಾಟಲ್ಲ, ವಿಎಂ ಒಳಗೆ ಕೈಯಿಂದಲೇ ವಿಳಾಸ.

ಬಾಡಿಗೆ ಸರ್ವರ್ ತಗೊಂಡು ಹೆಚ್ಚುವರಿ ಐಪಿ ಕೊಂಡವರಿಗೂ ಹೆಚ್ಚುಕಡಿಮೆ ಇದೇ. ಅಲ್ಲಿ ಬ್ರಿಡ್ಜ್ ಹಾಕಿ ಗುರುತಿಲ್ಲದ ಮ್ಯಾಕ್ ಹೊರಗೆ ಬಿಟ್ರೆ ಸರ್ವರ್ ಪೋರ್ಟೇ ಮುಚ್ಚಿಹೋಗಬಹುದು. ಒಂದೋ ಆ ಐಪಿಗೆ ಅಂತ ಅವರೇ ಕೊಡೋ ಮ್ಯಾಕ್ ಅನ್ನ ವಿಎಂಗೆ ಬರೀಬೇಕು, ಇಲ್ಲಾಂದ್ರೆ ರೂಟ್ ಮಾಡಬೇಕು. ರೂಟ್ ಮಾಡಿದಾಗ ವಿಎಂ ಒಳಗೆ ವಿಳಾಸ /32, ಗೇಟ್‌ವೇ ಬೇರೆ ಸಾಲಿನದ್ದಾದ್ರೆ ನೆಟ್‌ಪ್ಲಾನ್‌ನ ಆ ರೂಟ್‌ಗೆ ಆನ್ ಲಿಂಕ್ ಟ್ರೂ ಬೇಕು. ಇಲ್ಲದಿದ್ರೆ "ಗೇಟ್‌ವೇ ತಲುಪೋ ದಾರಿಯೇ ಇಲ್ಲ" ಅಂತ ಕರ್ನಲ್ ರೂಟ್ ತಗೊಳ್ಳೋದೇ ಇಲ್ಲ.

ಮಿಂಚುಳ
ವಿಂಡೋಸ್‌ನಲ್ಲಿ ಹೈಪರ್ ವಿ ಇರೋರಿಗೂ ಹೇಳಿಬಿಡ್ತೀನಿ, ಮಾತು ಎತ್ತಾಗಿದೆ. ತಾನಾಗೇ ಬರೋ "ಡೀಫಾಲ್ಟ್ ಸ್ವಿಚ್" ನ್ಯಾಟ್, ಹೋಸ್ಟ್ ರೀಸ್ಟಾರ್ಟ್ ಆದ್ರೆ ಅದರ ಸಾಲೇ ಬದಲಾಗಬಹುದು. ಅಲ್ಲಿ ಸ್ಥಿರ ಐಪಿ ಬರೆದು ಪ್ರಯೋಜನವಿಲ್ಲ. ಎಕ್ಸ್‌ಟರ್ನಲ್ ಸ್ವಿಚ್ ಮಾಡಿ, ಮ್ಯಾನೇಜ್‌ಮೆಂಟ್ ಓಎಸ್‌ಗೂ ಹಂಚಿಕೊಳ್ಳಲಿ ಅನ್ನೋ ಟಿಕ್ ತೆಗೆಯಬೇಡಿ, ತೆಗೆದ್ರೆ ಹೋಸ್ಟ್‌ನ ನೆಟ್‌ವರ್ಕ್ ಹೋಗುತ್ತೆ. ವಿಎಂ ಒಳಗೆ ಇನ್ನೊಂದು ವಿಎಂ ಓಡಿಸಿ ಬ್ರಿಡ್ಜ್ ಮಾಡೋದಾದ್ರೆ ಹೊರಗಿನ ವಿಎಂನ ಕಾರ್ಡ್‌ನಲ್ಲಿ ಮ್ಯಾಕ್ ಅಡ್ರೆಸ್ ಸ್ಪೂಫಿಂಗ್ ಆನ್ ಮಾಡಬೇಕು. ವಿಎಂವೇರ್‌ನ ಇಎಸ್‌ಎಕ್ಸ್‌ಐನಲ್ಲಿ ಅದೇ ಕೆಲಸಕ್ಕೆ ಪೋರ್ಟ್ ಗ್ರೂಪ್‌ನ ಪ್ರಾಮಿಸ್ಕ್ಯುವಸ್ ಮೋಡ್, ಫೋರ್ಜ್ಡ್ ಟ್ರಾನ್ಸ್‌ಮಿಟ್ಸ್ ಎರಡನ್ನೂ ಅಕ್ಸೆಪ್ಟ್ ಮಾಡಬೇಕು.

ನೂಲೇಣಿ
ಐಪಿವಿ6 ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

ಗಡಿಯಾರ
ಬ್ರಿಡ್ಜ್ ಆದ್ರೆ ಅದು ತಾನಾಗೇ ಬರುತ್ತೆ, ರೂಟರ್‌ನ ಜಾಹೀರಾತು ಬ್ರಿಡ್ಜ್ ದಾಟಿ ವಿಎಂಗೆ ತಲುಪಿ ವಿಎಂ ತನ್ನ ವಿಳಾಸ ತಾನೇ ಮಾಡಿಕೊಳ್ಳುತ್ತೆ. ಎರಡು ಕಡೆ ಕೆಡುತ್ತೆ.

ಒಂದು, ಹೋಸ್ಟ್‌ನಲ್ಲಿ ಐಪಿವಿ6 ಫಾರ್ವರ್ಡಿಂಗ್ ಆನ್ ಮಾಡಿದ್ರೆ ಕರ್ನಲ್ ತನ್ನನ್ನ ರೂಟರ್ ಅಂದುಕೊಂಡು ಬೇರೆ ರೂಟರ್‌ಗಳ ಜಾಹೀರಾತು ಕೇಳೋದು ಬಿಡುತ್ತೆ. ಸ್ವಲ್ಪ ಹೊತ್ತಿಗೆ ಹೋಸ್ಟ್‌ನ ಡೀಫಾಲ್ಟ್ ರೂಟ್ ಅವಧಿ ಮುಗಿದು ಮಾಯ. ಬಿಆರ್0ಗೆ ಅಕ್ಸೆಪ್ಟ್ ಆರ್‌ಎ (ಜಾಹೀರಾತು ಒಪ್ಪೋ ಸೆಟ್ಟಿಂಗ್) 2 ಕೊಡಿ. 1 ಸಾಲದು.

ಎರಡು, ವಿಎಂ ಐಪಿವಿ6 ಕೆಲವು ನಿಮಿಷ ನಡೆದು ನಿಲ್ಲುತ್ತೆ, ವಿಎಂ ಒಳಗಿಂದ ಪಿಂಗ್ ಮಾಡಿದ್ರೆ ಮತ್ತೆ ಏಳುತ್ತೆ. ಇದು ಬ್ರಿಡ್ಜ್‌ನ ಮಲ್ಟಿಕಾಸ್ಟ್ ಸ್ನೂಪಿಂಗ್. ಐಪಿವಿ6ನಲ್ಲಿ ನೆರೆಯವರನ್ನ ಹುಡುಕೋದೇ ಮಲ್ಟಿಕಾಸ್ಟ್‌ನಿಂದ. ಯಾರು ಯಾವ ಗುಂಪಿನಲ್ಲಿದ್ದಾರೆ ಅಂತ ಮತ್ತೆ ಮತ್ತೆ ಕೇಳೋರು ನೆಟ್‌ವರ್ಕ್‌ನಲ್ಲಿ ಸರಿಯಾಗಿ ಇಲ್ಲದಿದ್ರೆ ಬ್ರಿಡ್ಜ್ ವಿಎಂನ ಹೆಸರು ಮರೆತುಬಿಡುತ್ತೆ. ಸ್ನೂಪಿಂಗ್ 0 ಮಾಡಿ, ಅಥವಾ ಬ್ರಿಡ್ಜ್‌ನ ಮಲ್ಟಿಕಾಸ್ಟ್ ಕ್ವೆರಿಯರ್ 1 ಮಾಡಿ. ಐದು ವಿಎಂಗೆ ಮೊದಲನೆಯದೇ ಸಾಕು.

ಮತ್ತೆ, ಐಪಿವಿ6 ಬಂತು ಅಂದ್ರೆ ವಿಎಂ ನ್ಯಾಟ್ ಹಿಂದೆ ಇಲ್ಲ ಅಂತ ಅರ್ಥ. ಪ್ರತಿ ವಿಎಂ ಒಳಗೂ ಫೈರ್‌ವಾಲ್ ಹಾಕಿ.

ತಂತಿಮನೆ
ಐದೂ ಇಪ್ಪತ್ತರಿಂದ ಇಪ್ಪತ್ನಾಲ್ಕರವರೆಗೆ ಕೂತಿವೆ, ಎಸ್‌ಟಿಪಿ ತೆಗೆದ ಮೇಲೆ ಐಪಿ ತಕ್ಷಣ ಬರ್ತಿದೆ, ಹೋಸ್ಟ್ ರೀಬೂಟ್ ಮಾಡಿಯೂ ನೋಡಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೇ ಉಳಿದಿದೆ: ಮೊದಲು ಲಿಬ್‌ವರ್ಟ್‌ನ ವಿರ್ಶ್ ಡೊಮ್ ಐಎಫ್ ಅಡ್ರ್ ಕಮಾಂಡ್ ಕೊಟ್ರೆ ವಿಎಂ ಐಪಿ ತೋರಿಸ್ತಿತ್ತು. ಈಗ ಖಾಲಿ ಬರ್ತಿದೆ.

ಬೆಳ್ಳಿಚುಕ್ಕಿ
ಅದು ಲಿಬ್‌ವರ್ಟ್ ತಾನೇ ಹಂಚಿದ ಐಪಿ ಪಟ್ಟಿ ನೋಡಿ ಹೇಳ್ತಿತ್ತು. ಈಗ ಹಂಚ್ತಿರೋದು ನಿಮ್ಮ ರೂಟರ್, ಲಿಬ್‌ವರ್ಟ್‌ಗೆ ಗೊತ್ತಿಲ್ಲ. ಕೊನೆಗೆ ಸೋರ್ಸ್ ಎಆರ್‌ಪಿ ಅಂತ ಸೇರಿಸಿ ಕೊಡಿ, ಹೋಸ್ಟ್‌ನ ಎಆರ್‌ಪಿ ಪಟ್ಟಿಯಿಂದ ಹುಡುಕುತ್ತೆ. ಹೋಸ್ಟ್ ಆ ವಿಎಂ ಜೊತೆ ಈಚೆಗೆ ಮಾತಾಡಿದ್ರೆ ಮಾತ್ರ ಸಿಗುತ್ತೆ, ಅದಕ್ಕೆ ಮೊದಲು ಒಂದು ಪಿಂಗ್ ಹಾಕಿ. ಖಾಯಂ ಬೇಕಂದ್ರೆ ವಿಎಂಗಳಲ್ಲಿ ಕ್ಯೂಎಂಯು ಗೆಸ್ಟ್ ಏಜೆಂಟ್ ಹಾಕಿ ಸೋರ್ಸ್ ಏಜೆಂಟ್ ಕೊಡಿ.

ತಂತಿಮನೆ
ಏಜೆಂಟ್ ಹಾಕಿದೆ, ಐದೂ ಕಾಣ್ತಿವೆ. ಐಪಿವಿ6 ಕೂಡ ತೋರಿಸ್ತಿದೆ. ಈಗ ಒಂದೊಂದರ ಫೈರ್‌ವಾಲ್ ಬರೆಯೋಕೆ ಕೂತೆ.